ಫೋಲ್ಡ್ ಅಂದರೆ ಮಡಚುವುದಲ್ಲ

ಮಾರ್ಚ್ 3, ಸೋಮವಾರ. ಮಧ್ಯಾಹ್ನ 12.40

ಐದಕ್ಕೆ ಬ್ರೆಡ್ ಟ್ರೇ ಇಳಿಸಿದೆ. ಆರಕ್ಕೆ ಬನ್. ಏಳಕ್ಕೆ ಕೇಕ್ ಮಾಸ್ಟರ್ ಫೋನು. ಹಲ್ಲುನೋವು, ಬರುವುದಿಲ್ಲವಂತೆ. "ಕೇಕ್ ನೀನೇ ನೋಡ್ಕೋ, ಕಾರ್ಡ್ ಇದೆಯಲ್ಲ" ಎಂದರು ಪಾಪ, ಬಾಯಿ ತೆರೆಯಲೂ ಆಗುತ್ತಿರಲಿಲ್ಲ ಅವರಿಗೆ.

ಈ ಬೇಕರಿಯಲ್ಲಿ ಹನ್ನೊಂದು ವರ್ಷ ಬ್ರೆಡ್ಡಿನ ಕಡೆ ಇದ್ದವಳು ನಾನು. ಇವತ್ತು ಮೊದಲ ಸಲ ಗೋಡೆಯ ಆ ಕಡೆ, ಕೇಕಿಗೆ. ಶಾಲೆಯೊಂದರ ವಾರ್ಷಿಕೋತ್ಸವಕ್ಕೆ ನಲವತ್ತು ಕೇಕ್. ಹಳೆಯ ಓನರ್ ಮಗಳು ಮೇಡಂ ಆಗಿ ಬಂದ ಮೇಲೆ ಎಲ್ಲದಕ್ಕೂ ಮಾಡುವ ಕ್ರಮ ಬರೆದ ಇಂಗ್ಲಿಷ್ ಕಾರ್ಡ್. ಹತ್ತನೇ ಕ್ಲಾಸಿನವರೆಗೆ ಓದಿದ್ದೇನೆ, ಹೆದರಿಕೆ ಏನಿಲ್ಲ. ಮೊಟ್ಟೆಯ ಬಿಳಿಯನ್ನು ನೊರೆ ಬರುವಷ್ಟು ಹೊಡೆದು ಹಿಟ್ಟಿಗೆ ಮೆಲ್ಲಗೆ "ಫೋಲ್ಡ್" ಮಾಡಬೇಕು ಎಂದಿತ್ತು. ಫೋಲ್ಡ್ ಗೊತ್ತಿಲ್ಲದ ಪದವೇ? ದಿನಾ ಬಟ್ಟೆ ಮಡಚುತ್ತೇವಲ್ಲ. ಹಿಟ್ಟು ತೆಳ್ಳಗೆ ಹರಡಿ, ಮೇಲೆ ಬಿಳಿ ಸುರಿದು, ಅರ್ಧ ಬೆಂದಾಗ ತೆಗೆದು, ನಾಲ್ಕೂ ಕಡೆಯಿಂದ ಮಡಚಿ ಮತ್ತೆ ಓವನ್ನಿಗೆ. ಬೆರಳು ಸುಟ್ಟಿದೆ. ಪರವಾಗಿಲ್ಲ.

ಕೇಕ್ ಸೆಕ್ಷನ್ ನಿಮಗೇ ಕೊಡೋಣ ಅಂತಿದೀನಿ ಎಂದು ಮೇಡಂ ಹೋದ ವಾರವೇ ಹೇಳಿದ್ದರು. ಚೆನ್ನಾಗಿ ಬಂದರೆ ಸಾಕು.

ಮಾರ್ಚ್ 4

ಮಾಸ್ಟರ್ ಎಲ್ಲರನ್ನೂ ಕರೆದ. ಪ್ಯಾಕಿಂಗ್‌ನವರು, ವ್ಯಾನಿನವರು, ಕೌಂಟರಿನ ಇಬ್ಬರು. ಮೇಡಂ ಕೂಡ ಇದ್ದರು. ನಾನು ಮಾಡಿದ ಒಂದು ಕೇಕ್ ಕೈಗೆತ್ತಿಕೊಂಡ. ಮಡಿಕೆ ಒಂದೊಂದೇ ಬಿಡಿಸಿದ. ಒಳಗೆ ಹಸಿ ಹಿಟ್ಟು. ನನ್ನ ಮುಖ ನೋಡಿ ಹೇಳಿದ —

"ಎಲ್ಲಾ ಸರಿ, ಇಸ್ತ್ರಿ ಮಾಡೋದು ಮರ್ತೆಯಲ್ಲಮ್ಮ?"

ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಅದೊಂದನ್ನು ಮಾತ್ರ ಸಹಿಸಲಾಗುತ್ತಿಲ್ಲ... ನಾನೂ ನಕ್ಕೆ.

ಸಂಜೆಯೊಳಗೆ ಹೆಸರೇ ಆಯಿತು. "ಇಸ್ತ್ರಿ, ಟ್ರೇ ತಾ." "ಇಸ್ತ್ರಿ, ಬಾಗಿಲು ಹಾಕು." ಕೇಕ್ ಸೆಕ್ಷನ್ ಹೋಯಿತು, ಬ್ರೆಡ್ಡೂ ಹೋಯಿತು. ನಾಳೆಯಿಂದ ಟ್ರೇ ತೊಳೆಯುವುದು.

ಇನ್ನು ಈ ಪುಸ್ತಕದಲ್ಲಿ ಅವನಿಗೆ ಬಹುವಚನ ಇಲ್ಲ.

ಮಾರ್ಚ್ 6

ಅತ್ತೆಗೆ ಹೇಳಿದೆ. ಮೊದಲು ನಕ್ಕರು. ಅವರೂ! ಆಮೇಲೆ ನನ್ನ ಮುಖ ನೋಡಿ ನಗು ನುಂಗಿಕೊಂಡರು.

"ಅಷ್ಟು ಜನರೆದುರಿಗೆ ಅಂದನಾ?"

"ಅಷ್ಟೂ ಜನರೆದುರಿಗೆ."

"ಬಿಡಬೇಡ ಅವನನ್ನ."

ಗಂಡ ಹೋದ ಮೇಲೆ ನಾವಿಬ್ಬರೇ ಈ ಮನೆಯಲ್ಲಿ. ಎಂಟು ವರ್ಷದಲ್ಲಿ ನನಗೂ ಅತ್ತೆಗೂ ಒಂದೇ ಅಭಿಪ್ರಾಯ ಬಂದದ್ದು ಇದೇ ಮೊದಲು. ಅವರು ಶಾಲೆಯಲ್ಲಿ ಗಂಟೆ ಹೊಡೆಯುತ್ತಿದ್ದಾಗ ಲೈಬ್ರರಿಯವರು ಎಸೆದ ಡಿಕ್ಷನರಿಯೊಂದನ್ನು ಮನೆಗೆ ತಂದಿದ್ದರು. ಗಿಡ್ಡ ಕಾಲಿಗೆ ಆಸರೆಯಾಗಿ ಅವರ ಮಂಚದ ಕೆಳಗೇ ಇದೆ. ಎಳೆದು ತೆಗೆದೆ. ಮಂಚ ವಾಲಿತು. "ಇರ್ಲಿ ಬಿಡು, ವಾಲಿಕೊಂಡೇ ಮಲಗ್ತೀನಿ" ಎಂದರು.

ಫೋಲ್ಡ್: ಮಡಚು. ಮಡಿಸು. ಕೈ ಕಟ್ಟು. ಅಪ್ಪು. ವ್ಯಾಪಾರ ಮುಚ್ಚಿಹೋಗು. ಕುರಿದೊಡ್ಡಿ (ಇದೆಲ್ಲಿಂದ ಬಂತೋ). ಎಲ್ಲಕ್ಕಿಂತ ಕೊನೆಗೆ, ಸಣ್ಣ ಅಕ್ಷರದಲ್ಲಿ, ಅಡುಗೆಯಲ್ಲಿ: ಒಳಗಿನ ಗಾಳಿ ಹೋಗದಂತೆ ಹಗುರವಾಗಿ ಬೆರೆಸು.

ಬೆರೆಸು. ಅಷ್ಟೇ. ಇಷ್ಟಕ್ಕೆ.

ಆಮೇಲೆ ಹೊಳೆಯಿತು. ಗೋಡೆಯಾಚೆಯಿಂದ ಹನ್ನೊಂದು ವರ್ಷ ಅವನ ಕೂಗು ಕೇಳಿದ್ದೇನೆ — "ಬಿಳಿ ತೇಲಿಸ್ರೋ, ತೇಲಿಸಿ!" ಅವನು ಅದಕ್ಕೆ ತೇಲಿಸುವುದು ಎನ್ನುತ್ತಾನೆ. ಕಾರ್ಡಿನಲ್ಲಿ ತೇಲಿಸು ಅಂತಿದ್ದರೆ ನಾನೂ ತೇಲಿಸುತ್ತಿದ್ದೆ.

ಮಾರ್ಚ್ 15

ದಿನಕ್ಕೊಂದು ಪದ. ಸ್ಟರ್ ಎಂದರೆ ಚಮಚದಲ್ಲಿ ತಿರುವುವುದು, ಜಗಳ ಕದಡುವುದಕ್ಕೂ ಅದೇ. ಮಿಕ್ಸ್, ಬೆರೆಸುವುದು, ಜನರೊಂದಿಗೆ ಬೆರೆಯುವುದಕ್ಕೂ ಸೈ. ನೀಡ್, ನಾದುವುದು, ಅದು ನನ್ನದು. ಬ್ಲೆಂಡ್ ಮಾಡಿದರೆ ಯಾವುದು ಯಾವುದೆಂದು ಮತ್ತೆ ಗೊತ್ತಾಗಬಾರದು. ಬೀಟ್ ಎಂದರೆ ಜೋರಾಗಿ ಗೊಟಾಯಿಸುವುದು. ಹೊಡೆಯುವುದು. ಸೋಲಿಸುವುದು.

ಬೀಟ್ ಹತ್ತಿರ ಬಹಳ ಹೊತ್ತು ಕೂತಿದ್ದೆ.

ಮಾರ್ಚ್ 21. ಟೀ ಹೊತ್ತು

ಟ್ರೇ ತೊಳೆಯುವ ತೊಟ್ಟಿಯಿಂದ ಇಡೀ ಅಡುಗೆಮನೆ ಕಾಣುತ್ತದೆ. ಎರಡು ವಾರದಿಂದ ನೋಡುತ್ತಿದ್ದೇನೆ. ಮೇಡಂ ಕಾಗದ ಹಿಡಿದು ಬರುವುದು ಕಂಡರೆ ಸಾಕು, ಅವನ ಎರಡೂ ಕೈ ಮೈದಾ ಡಬ್ಬಿಯೊಳಗೆ. ಮೊಣಕೈವರೆಗೆ. ಕೆಲಸ ಇರಲಿ ಬಿಡಲಿ. "ಕೈಯೆಲ್ಲ ಹಿಟ್ಟು, ಅಲ್ಲೇ ಇಡಿ ಮೇಡಂ." ಅವರು ಆ ಕಡೆ ಹೋದದ್ದೇ, "ಏನಂತೆ ನೋಡ್ರೀ ಅದು" ಎಂದು ಪ್ಯಾಕಿಂಗ್ ಅಕ್ಕನ ಕೈಯಲ್ಲಿ ಓದಿಸುತ್ತಾನೆ.

ಇವತ್ತು ಅವನು ಕೈ ತೊಳೆದು ಟೀ ಕುಡಿಯುವಾಗ ಒಂದು ಚೀಟಿ ಕೊಟ್ಟೆ. "ಮೈದಾ ಕಂಪನಿಯವರ ನೋಟೀಸಂತೆ ಮಾಸ್ಟರ್." ಅದರಲ್ಲಿ ಇಂಗ್ಲಿಷಿನಲ್ಲಿ ನಾನೇ ಬರೆದದ್ದು: ಮಾಸ್ಟರ್ ಕತ್ತೆ. ನಾಳೆಯೂ ಕತ್ತೆ.

ಮೇಲಿಂದ ಕೆಳಗೆ ನೋಡಿದ. ತಲೆ ಆಡಿಸಿದ.

"ಹೂಂ, ಸರಿಯಾಗೇ ಇದೆ. ಬೋರ್ಡಿಗೆ ಹಾಕ್ಬಿಡು."

ಬಾಯಿಗೆ ಸೆರಗು ತುರುಕಿಕೊಂಡು ತೊಟ್ಟಿಗೆ ಓಡಿದೆ. ನಗು ನಿಂತ ಮೇಲೆ ಉಜ್ಜಿದ ಟ್ರೇಯನ್ನೇ ಮತ್ತೆ ಉಜ್ಜಿದೆ. ಇವನು! ಒಂದಕ್ಷರ ಓದಲು ಬಾರದ ಇವನು ನನ್ನನ್ನು...

ಪ್ಯಾಕಿಂಗ್ ಅಕ್ಕನನ್ನು ಹಿಡಿದು ಕೇಳಿದೆ. "ಬಾಯಿ ಬಿಡಬೇಡ ಕಣೆ. ಆ ದಿನ ಮೇಡಂ ಫೋಲ್ಡ್ ಅಂದ್ರೆ ಇದು ಅಂತ ವಿವರಿಸಿದ್ಮೇಲೇ ಮಾಸ್ಟರಿಗೂ ಗೊತ್ತಾಗಿದ್ದು. ಅಲ್ಲೀವರೆಗೆ ಆ ಪದಾನೇ ಕೇಳಿರಲಿಲ್ಲ."

ಅಂದರೆ ನನ್ನನ್ನು ನಗೆಪಾಟಲು ಮಾಡುವುದಕ್ಕೆ ಹತ್ತು ನಿಮಿಷ ಮುಂಚೆ ಕಲಿತಿದ್ದ. ಅಷ್ಟೇ.

ಚೀಟಿ ಹರಿದು ಹಾಕಿಲ್ಲ. ಇದೇ ಪುಸ್ತಕದಲ್ಲಿದೆ.

ಏಪ್ರಿಲ್ 2

ಪ್ಯಾಕಿಂಗ್ ಅಕ್ಕ ಮಗಳ ಬಾಣಂತನಕ್ಕೆ ಹೋದಳು, ಎರಡು ತಿಂಗಳು. ಅವನು ಸುತ್ತ ನೋಡಿದ. ಓದುವವರು ಬೇಕು, ಆದರೆ ಓದಿದ್ದನ್ನು ಆಡಿಕೊಳ್ಳದವರು ಬೇಕು. ತೊಟ್ಟಿಯ ಹತ್ತಿರ ಇಸ್ತ್ರಿ ಇದ್ದಾಳಲ್ಲ.

"ಕೈಯೆಲ್ಲ ಹಿಟ್ಟು. ಸ್ವಲ್ಪ ಓದು."

ಓದಿದೆ. ಸರಿಯಾಗಿ. ಒಂದು ಅಕ್ಷರವೂ ತಪ್ಪದೆ. ನಾಳೆಯೂ ಸರಿಯಾಗಿಯೇ ಓದುತ್ತೇನೆ.

ಏಪ್ರಿಲ್ 10

ದೊಡ್ಡ ಹೋಟೆಲಿನವರು ಬರುತ್ತಾರಂತೆ, ಹತ್ತೊಂಬತ್ತಕ್ಕೆ. ಅವರದೇ ಕಾರ್ಡ್ ತರುತ್ತಾರೆ, ಅವರ ಕಣ್ಣೆದುರಿಗೇ ಕೇಕ್ ಆಗಬೇಕು. ಒಪ್ಪಿಗೆಯಾದರೆ ದಿನಾ ಕೇಕ್ ಇಲ್ಲಿಂದಲೇ. ಮೇಡಂ ಹೇಳುತ್ತಿದ್ದಾಗ ಅವನ ಕೈ ಮೈದಾದಲ್ಲಿತ್ತು. ಮುಖವೂ ಅದೇ ಬಣ್ಣ.

ಆಮೇಲೆ ತೊಟ್ಟಿಯ ಹತ್ತಿರ ಬಂದ. ಮೊದಲ ಸಲ ಇಸ್ತ್ರಿ ಎನ್ನಲಿಲ್ಲ.

"ನೋಡಮ್ಮ, ಆವತ್ತು ನನ್ನ ಪಕ್ಕದಲ್ಲೇ ನಿಂತ್ಕೋ. ಮೆಲ್ಲಗೆ ಓದು. ನನಗೆ ಮಾತ್ರ ಕೇಳೋ ಹಾಗೆ."

"ಆಗ್ಲಿ ಮಾಸ್ಟರ್."

ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರು ಕೈ ಮೇಲೆತ್ತಿ ದೇವರಿಗೆ ಮುಗಿದರು.

ಏಪ್ರಿಲ್ 18. ಸಂಜೆ

ಒಂದೇ ಪದ ಸಾಕು. ಎರಡು ಬೇಡ.

ಏಪ್ರಿಲ್ 19, ಶನಿವಾರ. ಸಂಜೆ 4

ಆಯಿತು.

ಹೋಟೆಲಿನವರು ಮೂವರು, ಮೇಡಂ ಜೊತೆ ಗಾಜಿನಾಚೆ ಕೂತಿದ್ದರು. ಒಳಗೆ ಮಿಕ್ಸರ್ ಸದ್ದು. ಕೋಕೋ ಕೇಕ್. ಅವನು ಹಿಟ್ಟು ಮಾಡಿದ ಪರಿ ನೋಡಬೇಕಿತ್ತು... ಶತ್ರುವಾದರೇನು, ಬರೆಯಬೇಕು: ಒಂದು ಹನಿ ಚೆಲ್ಲಲಿಲ್ಲ. ಬಿಳಿ ಹೊಡೆದು ಪಾತ್ರೆ ತಲೆಕೆಳಗು ಮಾಡಿ ತೋರಿಸಿದ, ನೊರೆ ಅಲುಗಲಿಲ್ಲ. ಹೋಟೆಲಿನ ಹಿರಿಯ ಎದ್ದು ನಿಂತು ಗಾಜಿಗೆ ಮುಖ ಹಚ್ಚಿದ.

ಆಮೇಲೆ ತನ್ನ ಮರದ ಸಟ್ಟುಗ ತೆಗೆದುಕೊಂಡ. ಕೈ ಆಗಲೇ ತೇಲಿಸುವುದಕ್ಕೆ ಹೊರಟಿತ್ತು. ಆಗ ಓದಿದೆ.

"ಬಿಳಿ ಎಲ್ಲಾ ಒಟ್ಟಿಗೆ ಹಾಕಿ. ಮಷೀನಲ್ಲಿ ಎರಡು ನಿಮಿಷ ಬೀಟ್ ಮಾಡಿ."

ಕೈ ನಿಂತಿತು.

"ಬೀಟಾ?"

"ಬೀಟ್."

"ಸರಿಯಾಗಿ ನೋಡು."

ನಾನು ಕಾರ್ಡನ್ನು ಅವನ ಮುಖದ ಮುಂದೆ ಹಿಡಿದೆ. "ನೀವೇ ನೋಡಿ ಮಾಸ್ಟರ್."

ಗಾಜಿನಾಚೆ ನಾಲ್ಕು ಜನ ನೋಡುತ್ತಿದ್ದರು. ಅವನ ಕಣ್ಣು ಎಡದಿಂದ ಬಲಕ್ಕೆ ಹೋಯಿತು. ಮತ್ತೆ ಎಡಕ್ಕೆ, ಮತ್ತೆ ಬಲಕ್ಕೆ. ಒಂದೊಂದು ಸಾಲೂ. ಹಣೆಯ ಬೆವರು ಮೂಗಿನ ತುದಿಗೆ ಬಂತು. ಇದಕ್ಕಾಗಿ ನಲವತ್ತಾರು ದಿನ ಕಾದಿದ್ದೆ. ಇನ್ನೊಂದು ಗಂಟೆ ಹಾಗೇ ನಿಂತಿರು ಎಂದರೂ ನಿಲ್ಲುತ್ತಿದ್ದೆ.

"ಹೌದು" ಎಂದ. "ಬೀಟ್."

ಸಟ್ಟುಗ ಕೆಳಗಿಟ್ಟ. ಬಿಳಿ ಎಲ್ಲಾ ಸುರಿದು ಮಷೀನ್ ಹಾಕಿದ. ನೊರೆ ಸತ್ತು ನೀರಾಗುವುದನ್ನು ಇಬ್ಬರೂ ನೋಡುತ್ತ ನಿಂತೆವು.

ಕೇಕ್ ಚಪ್ಪಲಿಯ ಅಟ್ಟೆಯ ಹಾಗೆ ಬಂತು. ಹೋಟೆಲಿನವರು ಥ್ಯಾಂಕ್ಸ್ ಹೇಳಿ ಹೋದರು. ಮೇಡಂ ಕಾರ್ಡ್ ತೆಗೆದು ಓದಿದರು.

"ಫೋಲ್ಡ್ ಅಂತ ಬರೆದಿದೆಯಲ್ಲ ಮಾಸ್ಟರ್. ನೀವೇ ಕಾರ್ಡ್ ನೋಡಿದ್ರಿ, ನಾನು ಅಲ್ಲಿಂದ ನೋಡ್ತಿದ್ದೆ."

ಈಗ ನನ್ನ ಕಡೆ ಬೆರಳು ತೋರಿಸುತ್ತಾನೆ ಎಂದುಕೊಂಡೆ. ಉತ್ತರ ಸಿದ್ಧವಿತ್ತು: ಓದಲು ಬರುತ್ತಿದ್ದರೆ ನನ್ನ ಮಾತು ಯಾಕೆ ಕೇಳಿದಿರಿ?

"ನನ್ನ ತಪ್ಪು ಮೇಡಂ" ಎಂದ. ಏಪ್ರನ್ ಬಿಚ್ಚಿದ.

ಏಪ್ರಿಲ್ 20

ಅತ್ತೆ ಮೂರು ಸಲ ಹೇಳಿಸಿಕೊಂಡರು. "ಕಾರ್ಡ್ ಮುಖದ ಹತ್ತಿರ ಹಿಡಿದೆಯಾ? ಇಷ್ಟು ಹತ್ತಿರಾನಾ?"

ಇಷ್ಟು ಹತ್ತಿರ.

ಮೇ 5

ಕೇಕ್ ಸೆಕ್ಷನ್ ನನ್ನದು. ಅವನನ್ನು ಕೆಲಸದಿಂದ ಬಿಡಿಸಿದರು. ಇಸ್ತ್ರಿ ಎಂದು ಯಾರೂ ಕರೆಯುವುದಿಲ್ಲ. ವ್ಯಾನಿನವನು ನಾಲಗೆ ತಪ್ಪಿ ಒಂದು ಸಲ ಅಂದ, ನಾನು ತಿರುಗಿ ನೋಡಿದೆ, ಸಾಕಾಯಿತು.

ನನ್ನ ಕೇಕ್ ಕಾರ್ಡಿನಲ್ಲಿ ಇದ್ದ ಹಾಗೆಯೇ ಬರುತ್ತದೆ. ಅವನದ್ದರಷ್ಟು ಏಳುವುದಿಲ್ಲ. ಗಿರಾಕಿಗಳು ಕೇಳುತ್ತಾರೆ, ಮಾಸ್ಟರ್ ರಜಾನಾ? ಹೌದು ಎನ್ನುತ್ತೇನೆ.

ಮೇ 14

ಹಿಂದಿನ ಬಾಗಿಲಿಗೆ ಬಂದಿದ್ದ. ಸಟ್ಟುಗ ಬೇಕಿತ್ತಂತೆ, ಅವನ ಸ್ವಂತದ್ದು. ಕೊಟ್ಟೆ. ಹೋಗಲಿಲ್ಲ.

"ನೀನು ಬೇಕಂತಲೇ ತಪ್ಪು ಓದಿದೆ."

"ಹೌದು."

"ನನ್ನ ಕೈಗೆ ಆಗಲೇ ಗೊತ್ತಾಗಿತ್ತು."

"ಗೊತ್ತಾಗಿದ್ರೆ ಯಾಕೆ ಮಾಡಿದ್ರಿ? ಮೇಡಂ ಹತ್ರ ಯಾಕೆ ಹೇಳಲಿಲ್ಲ?"

ಸಟ್ಟುಗವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. "ಹೇಳಿದ್ರೆ ಓದಕ್ಕೆ ಬಾರದವನು ಅಂತಾಗ್ತಿತ್ತು. ಹೇಳದೇ ಇದ್ರೆ ಕೆಲಸ ಬಾರದವನು. ಎರಡನೇದೇ ವಾಸಿ ಅಂದ್ಕೊಂಡೆ ಆಗ." ಸಟ್ಟುಗದ ಹಿಡಿಯನ್ನು ಹೆಬ್ಬೆರಳಲ್ಲಿ ಉಜ್ಜಿದ. "ವಾಸಿ ಅಲ್ಲ. ಮೂರು ಕಡೆ ಕೇಳಿ ಬಂದೆ. ಆ ಹೋಟೆಲಿನ ಕತೆ ನನಗಿಂತ ಮುಂಚೆ ಹೋಗಿ ಕೂತಿರತ್ತೆ."

"ನನ್ನ ಹೆಸರೇನು ಮಾಸ್ಟರ್?" ಎಂದೆ.

ಬಾಯಿ ತೆರೆದ. ಮುಚ್ಚಿದ. ಹನ್ನೊಂದು ವರ್ಷ.

ಅಯ್ಯೋ ಎನ್ನಿಸಬೇಕಿತ್ತೇನೋ. ಅನ್ನಿಸಲಿಲ್ಲ. ಇನ್ನೂ ಸಾಲದು ಎನ್ನಿಸಿತು. ಇದನ್ನು ಓದುವವರು ಯಾರೂ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೇ 27. ಬೆಳಗ್ಗೆ 11.20

ಆಫೀಸ್ ರೂಮಿನ ಫೋನು. ಯಾವುದೋ ಬೇಕರಿಯವರು. ಮೇಡಂ ಲೆಕ್ಕದಲ್ಲಿ ಮುಳುಗಿದ್ದರು, ಮಾತಾಡಿ ಎಂದು ನನಗೇ ಕೊಟ್ಟರು. ಅವನು ಅಲ್ಲಿ ಕೆಲಸ ಕೇಳಿದ್ದಾನಂತೆ.

"ಕೆಲಸ ಹೇಗೆ?"

"ಅವರಷ್ಟು ಚೆನ್ನಾಗಿ ಮಾಡೋರನ್ನ ನಾನು ನೋಡಿಲ್ಲ" ಎಂದೆ. ಅದು ನಿಜ, ಬಾಯಿಗೆ ಬಂದುಬಿಟ್ಟಿತು.

"ಕಾರ್ಡ್ ಓದ್ತಾರಾ? ನಮ್ಮಲ್ಲಿ ಎಲ್ಲಾ ಇಂಗ್ಲಿಷಲ್ಲಿರತ್ತೆ."

ಇಷ್ಟು ದಿನ ಬಾಯಲ್ಲೇ ಇಟ್ಟುಕೊಂಡಿದ್ದೆ. ಈಗ ಕೇಳಿಯೇ ಬಿಟ್ಟರು.

"ಇಲ್ಲ. ಒಂದಕ್ಷರ ಬರಲ್ಲ."

ಹೇಳಿದ ಮೇಲೆ ಎದೆ ಹಗುರಾಗಬೇಕಿತ್ತು. ಮೇಡಂ ಲೆಕ್ಕ ಬಿಟ್ಟು ತಲೆ ಎತ್ತಿದರು. ಫೋನಿನ ಆ ಕಡೆಯವರಿಗೂ ಹೋಟೆಲಿನ ಕತೆ ಮುಟ್ಟಿತ್ತು, ಕೇಳಿದರು: "ಮತ್ತೆ ಹೋಟೆಲಿನವರ ಕಾರ್ಡ್ ಓದಿದ್ದು ಯಾರು?"

ಸುಳ್ಳು ನಾಲಗೆ ತುದಿಯಲ್ಲೇ ಇತ್ತು. ಪ್ಯಾಕಿಂಗ್ ಅಕ್ಕ ಎನ್ನಬಹುದಿತ್ತು, ಅವಳು ಊರಲ್ಲೇ ಇಲ್ಲ. ಆದರೆ ಅವನು ಕೆಲಸ ಕೆಡಿಸಿದ ಎಂದು ನಾಲ್ಕನೇ ಕಡೆಯೂ ನಂಬಿದರೆ ನನ್ನ ಗೆಲುವು ಯಾರಿಗೂ ಗೊತ್ತಾಗುವುದಿಲ್ಲ. ಅವನಿಗೆ ಕೊಟ್ಟ ಪೆಟ್ಟು ನನ್ನದು. ಬೇರೆಯವರ ಹೆಸರಿಗೆ ಬಿಟ್ಟುಕೊಡಲಾರೆ.

"ನಾನು" ಎಂದೆ. "ಫೋಲ್ಡ್ ಅಂತಿತ್ತು. ಬೀಟ್ ಅಂತ ಓದಿದೆ. ಗೊತ್ತಿದ್ದೇ."

ಮೇಡಂ ಪೆನ್ನು ಕೆಳಗಿಟ್ಟರು. ಹೊರಗಿರಿ ಎಂದರು. ಈಗ ಬಾಗಿಲ ಹೊರಗೆ ಸ್ಟೂಲಿನ ಮೇಲೆ ಕೂತಿದ್ದೇನೆ. ಒಳಗೆ ಅವರು ಯಾರಿಗೋ ಫೋನ್ ಮಾಡುತ್ತಿದ್ದಾರೆ. "ಮಾಸ್ಟರ್, ನೀವು ಯಾಕೆ ನಂಗೆ ಹೇಳಲಿಲ್ಲ?" ಎನ್ನುವುದು ಕೇಳಿಸಿತು. ಕುರ್ಚಿ ಸರಿದ ಸದ್ದು. ನನ್ನ ಹೆಸರು ಹಿಡಿದು ಕರೆಯುತ್ತಿದ್ದಾರೆ. ಹೋಗಿ ಹೇಳುತ್ತೇನೆ, ಮೊದಲಿಂದ ಹೇಳುತ್ತೇನೆ, ಆ ದಿನ ಎಲ್ಲರೂ ನಕ್ಕರಲ್ಲ ಮೇಡಂ, ಆಗ ನೀವೂ —