ಅಪ್ಪನ ಸೂಪು, ಅಪ್ಪನ ಬಸ್ಸು

ಅಡುಗೆಮನೆಯ ಮೇಜಿನಿಂದ,
ಶುಕ್ರವಾರ, ಫೆಬ್ರವರಿ ೯, ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಸೊಂಟದ ನೋವು ಕಡಿಮೆಯಾಯಿತಾ? ಅಕ್ಕನ ಮಗು ಇರುಳೆಲ್ಲ ಎಚ್ಚರವಿದ್ದು ಹಗಲು ಮಲಗುತ್ತದೆಂದು ಭಾವ ಹೇಳಿದರು. ಹಾಗಾದರೆ ಅದು ಮಲಗಿದಾಗ ನೀನೂ ಮಲಗಿಬಿಡು. ಆ ಹೊತ್ತಿಗೇ ಅವರ ಮನೆಯ ಮೂಲೆ ಮೂಲೆ ಗುಡಿಸಲು ಹೊರಡಬೇಡ. ಅಕ್ಕ ಸರಿಯಾಗಿ ಊಟ ಮಾಡುತ್ತಿದ್ದಾಳಾ? ಮಗುವಿನ ಮೂಗು ಯಾರ ಹಾಗಿದೆ ಎಂಬ ಜಗಳ ಇನ್ನೂ ಮುಗಿದಿಲ್ಲವಂತೆ. ತಾತನ ಹಾಗೆಯೇ ಇದೆ ಎಂದು ನೀನು ಹೇಳಿದ್ದನ್ನು ಇಲ್ಲಿ ಅಪ್ಪನಿಗೆ ಮುಟ್ಟಿಸಿದೆ. "ಅಯ್ಯೋ ಪಾಪ ಅದು" ಅಂದರು. ಆಮೇಲೆ ನೋಡಿದರೆ ಬಚ್ಚಲಿನ ಕನ್ನಡಿಯ ಮುಂದೆ ಮುಖ ಪಕ್ಕಕ್ಕೆ ತಿರುಗಿಸಿಕೊಂಡು ನಿಂತಿದ್ದರು.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನ್ ಮಾಡಿದಾಗಲೆಲ್ಲ ಅಪ್ಪ ಎದುರಿಗೇ ಕೂತಿರುತ್ತಾರೆ. ತಮ್ಮ ಸುದ್ದಿ ಬಂದ ಕೂಡಲೇ ಕೈಯಾಡಿಸಿ, "ಚೆನ್ನಾಗಿದ್ದೀನಿ ಅನ್ನು, ಮುಂದಿನ ಸ್ಟಾಪಿಗೆ ಹೋಗು" ಎನ್ನುತ್ತಾರೆ. ನನಗೂ ಫೋನಿನಲ್ಲಿ ಎರಡು ಮಾತಿಗಿಂತ ಹೆಚ್ಚು ಬರುವುದಿಲ್ಲ. ನಿನ್ನ ಜೊತೆ ಮಾತಾಡುವಾಗಲೂ ಹಾಗೇ, ಬೇಜಾರು ಮಾಡಿಕೊಳ್ಳಬೇಡ. ಅದಕ್ಕೇ ಈ ಪತ್ರ. ಅಂಚೆಗೆ ಹಾಕುತ್ತಿಲ್ಲ. ನಮ್ಮ ಮನೆಯ ಪದ್ಧತಿಯಂತೆ ಸಂಜೆಯ ಬಸ್ಸಿನ ಕಂಡಕ್ಟರ್ ಮಾಮನ ಕೈಗೆ ಕೊಡುತ್ತೇನೆ, ರಾತ್ರಿ ಊಟದ ಹೊತ್ತಿಗೆ ನಿನ್ನ ಕೈ ಸೇರುತ್ತದೆ. ಅಪ್ಪ ಬೆಳಿಗ್ಗೆಯೇ ಸಾರಿಗೆ ಇಲಾಖೆಯ ಡಾಕ್ಟರ ಹತ್ತಿರ ಹೋಗಿದ್ದಾರೆ. ಹೌದು, ಆ ಪರೀಕ್ಷೆ ಇವತ್ತೇ. ಇನ್ನೂ ಬಂದಿಲ್ಲ. ಸುಮ್ಮನೆ ಕೂರಲು ಆಗುತ್ತಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ಆ ಡಾಕ್ಟರು ಹೇಳಿದ ದಿನ ನೀನೂ ಇದ್ದೆಯಲ್ಲ. ಹೊಟ್ಟೆ ಸ್ಟೀರಿಂಗಿಗೆ ತಾಗುತ್ತಿದೆ, ರಕ್ತದ ಒತ್ತಡ ಏರಿದೆ, ಮೈ ಇಳಿಸಿಕೊಂಡು ಬಂದರೆ ಬಸ್ಸು, ಅಲ್ಲಿಯವರೆಗೆ ಡಿಪೋದ ಗೇಟಿನ ಕೆಲಸ, ಇಳಿಸದಿದ್ದರೆ ಅದೇ ಖಾಯಂ. ಆಮೇಲೆ ಅಕ್ಕನ ಹೆರಿಗೆಗೆಂದು ನೀನು ಹೊರಟು ನಿಂತೆ. ಬಸ್ಸಿನ ಮೆಟ್ಟಿಲ ಮೇಲೆ ನಿಂತು ನನಗೆ ಹೇಳಿದ್ದು ನೆನಪಿದೆಯಾ? "ಅವರ ಹೊಟ್ಟೆನೂ ತುಂಬಬೇಕು, ಮೈನೂ ಇಳೀಬೇಕು. ಏನಾದ್ರೂ ಮಾಡು, ಅಷ್ಟು ಓದಿದ್ದೀಯಲ್ಲ!" ಅಮ್ಮಾ, ನಾನು ಓದಿದ್ದು ಸಾಹಿತ್ಯ. ಅದರಲ್ಲಿ ಹಸಿವಿನ ವರ್ಣನೆ ಬೇಕಾದಷ್ಟಿತ್ತು, ಒಲೆಯ ಉರಿ ಎಷ್ಟಿರಬೇಕೆಂದು ಯಾರೂ ಬರೆದಿರಲಿಲ್ಲ.

ಮೊದಲ ಸೂಪಿನ ಕಥೆ ಕೇಳಿದರೆ ನಗುತ್ತೀಯ. ಎಲೆಕೋಸನ್ನು ನೀರಿನಲ್ಲಿ ಬೇಯಿಸಿ, ಸೋಸಿ, ಉಪ್ಪು ಹಾಕಿ ಇಟ್ಟೆ. ಅಪ್ಪ ಒಂದೇ ಗುಟುಕಿಗೆ ಕುಡಿದು ಬಟ್ಟಲು ಕೆಳಗಿಟ್ಟು, "ಸರಿ, ಕೈ ತೊಳೆದಾಯ್ತು. ಊಟ ಎಲ್ಲಿ?" ಅಂದರು. ಅರ್ಧ ಗಂಟೆಯಲ್ಲಿ ಬಿಸ್ಕತ್ತಿನ ಡಬ್ಬ ಖಾಲಿ. ಮರುದಿನ ರುಚಿಯಾಗಲೆಂದು ಬೆಣ್ಣೆಯಲ್ಲಿ ಈರುಳ್ಳಿ ಹುರಿದು, ಆಲೂಗಡ್ಡೆ ಹಾಕಿ, ಹಾಲಿನ ಕೆನೆ ಸುರಿದೆ. ಅಪ್ಪ ಮೂರು ಬಟ್ಟಲು ಕುಡಿದು ನನ್ನನ್ನು ಹೊಗಳಿದ್ದೇ ಹೊಗಳಿದ್ದು. ಮೇಲಿನ ಮನೆಯ ಟೈಲರ್ ಅತ್ತೆ ಪಾತ್ರೆಯೊಳಗೆ ಇಣುಕಿ, "ಇದು ಮೈ ಇಳಿಸೋ ಸೂಪಾ, ಮದುವೆ ಮನೆ ಸೂಪಾ? ಹೀಗೇ ಆದ್ರೆ ನಾನು ಪ್ಯಾಂಟಿಗೆ ಎರಡು ಕಡೆ ಬಟ್ಟೆ ಸೇರಿಸಬೇಕಾಗುತ್ತೆ" ಎಂದರು. ಅತ್ತೆಯ ಬಾಯಿ ನಿನಗೆ ಗೊತ್ತಲ್ಲ. ಆದರೆ ಅಳತೆಯಲ್ಲಿ ಅವರು ಸುಳ್ಳು ಹೇಳುವವರಲ್ಲ.

ಮಾಡುತ್ತ ಮಾಡುತ್ತ ಹದ ಸಿಕ್ಕಿತು. ಕುಂಬಳಕಾಯಿ, ಕ್ಯಾರೆಟ್, ಟೊಮೇಟೊ, ಒಂದು ಹಿಡಿ ಬೇಳೆ ಒಟ್ಟಿಗೆ ಬೇಯಿಸುವುದು. ಬೆಂದದ್ದರಲ್ಲಿ ಅರ್ಧವನ್ನು ಸೌಟಿನ ಬೆನ್ನಿನಿಂದ ನುಣ್ಣಗೆ ಹಿಸುಕಿದರೆ ಕೆನೆಯಿಲ್ಲದೆಯೇ ಮಂದವಾಗುತ್ತದೆ. ಉಳಿದರ್ಧವನ್ನು ಹಲ್ಲಿಗೆ ಸಿಗುವಂತೆ ಬಿಡಬೇಕು, ಇದು ಮುಖ್ಯ. ಎಣ್ಣೆ ಒಂದೇ ಚಮಚ. ಈರುಳ್ಳಿ ತಳ ಹಿಡಿಯತೊಡಗಿದರೆ ನೀರು ಚಿಮುಕಿಸಿದರೆ ಸಾಕು. ಕೊನೆಗೆ ಸೊಪ್ಪು, ಕರಿಮೆಣಸು, ನಿಂಬೆರಸ. ಅಣಬೆ ಸಿಕ್ಕ ದಿನ ಅಣಬೆ. ಬೀನ್ಸಿನ ಸೂಪು ಮಾತ್ರ ಅಪ್ಪನಿಗೆ ಆಗುವುದಿಲ್ಲ, "ಹುಲ್ಲಿನ ವಾಸನೆ" ಅನ್ನುತ್ತಾರೆ.

ಹಲ್ಲಿಗೆ ಸಿಗಬೇಕು ಎಂದೆನಲ್ಲ, ಅದು ನನಗೆ ಅಪ್ಪನನ್ನು ನೋಡುತ್ತ ಕೂತಾಗ ಹೊಳೆದದ್ದು. ಅಪ್ಪ ಊಟ ಮಾಡುವುದಿಲ್ಲ ಅಮ್ಮಾ, ಊಟ ಮುಗಿಸುತ್ತಾರೆ. ಬಸ್ಸು ನಿಲ್ಲುವ ಆ ಹತ್ತು ನಿಮಿಷದಲ್ಲಿ, ಒಂದು ಕಣ್ಣು ಬಸ್ಸಿನ ಮೇಲಿಟ್ಟು ತಿಂದು ತಿಂದು, ಮನೆಯಲ್ಲೂ ಅದೇ ಅಭ್ಯಾಸ. ನಾವಿನ್ನೂ ಮೊದಲ ತುತ್ತು ಎತ್ತುವಷ್ಟರಲ್ಲಿ ಅವರು ಎದ್ದಿರುತ್ತಿದ್ದರು. "ಕೂತ್ಕೊಳ್ರೀ, ಇಲ್ಲಿ ಯಾರೂ ಬೆಲ್ ಹೊಡೆಯಲ್ಲ" ಎಂದು ನೀನು ಎಷ್ಟು ವರ್ಷ ಹೇಳಿಲ್ಲ! ಈಗ ಸೂಪು ಸುಡುತ್ತದೆ, ಊದಬೇಕು; ತುಂಡು ಸಿಗುತ್ತದೆ, ಅಗಿಯಬೇಕು. ಊದುವ ಬಿಡುವಿನಲ್ಲಿ ಅಪ್ಪ ಮಾತಾಡಲು ಶುರುಮಾಡಿದ್ದಾರೆ! ನೀನು ಟೈಪಿಂಗ್ ಕ್ಲಾಸಿಗೆ ಅವರ ಬಸ್ಸಿನಲ್ಲೇ ಹೋಗುತ್ತಿದ್ದೆಯಂತೆ. ಮುಂದಿನ ಸೀಟಿನಲ್ಲಿ ಕೂತು ಪುಸ್ತಕದ ಒಂದೇ ಪುಟವನ್ನು ಇಡೀ ದಾರಿ ಓದುತ್ತಿದ್ದೆಯಂತೆ. ನಿಜವಾ? ಇಷ್ಟು ವರ್ಷ ನನಗೆ ಯಾಕೆ ಹೇಳಲಿಲ್ಲ?

ಇನ್ನು ನಾನು ಮಾಡಿದ ಎಡವಟ್ಟು. ನಾನು ಚಿಕ್ಕವಳಿದ್ದಾಗ ಮಧ್ಯಾಹ್ನ ನಾವಿಬ್ಬರೂ ಔಷಧಿ ಅಂಗಡಿಯ ತಿರುವಿನಲ್ಲಿ ಅಪ್ಪನ ಊಟದ ಡಬ್ಬಿ ಹಿಡಿದು ನಿಲ್ಲುತ್ತಿದ್ದೆವಲ್ಲ. ಬಸ್ಸು ಕಣ್ಣಿಗೆ ಬೀಳುವ ಮೊದಲೇ ನೀನು ಅದರ ಸದ್ದು ಗುರುತಿಸಿ ಕೂದಲು ಸರಿಮಾಡಿಕೊಳ್ಳುತ್ತಿದ್ದೆ. ಬಸ್ಸು ನಿಲ್ಲುತ್ತಿರಲಿಲ್ಲ, ಸ್ವಲ್ಪ ನಿಧಾನವಾಗುತ್ತಿತ್ತು ಅಷ್ಟೆ. ಕಿಟಕಿಯಿಂದ ಅಪ್ಪನ ಕೈ ಇಳಿದು ತುಂಬಿದ ಡಬ್ಬಿ ಎತ್ತಿಕೊಂಡು, ಹಿಂದಿನ ದಿನದ ಖಾಲಿ ಡಬ್ಬಿ ಕೊಟ್ಟು, ಹೋಗುತ್ತ ಹೋಗುತ್ತ ನನ್ನ ತಲೆ ಸವರುತ್ತಿತ್ತು. ಹಿಂದಿನ ಬಾಗಿಲಿನಲ್ಲಿ ಕಂಡಕ್ಟರ್ ಮಾಮ, "ಅರ್ಧ ಟಿಕೆಟ್, ಹತ್ತು ಹತ್ತು!" ಎಂದು ಕೂಗುತ್ತಿದ್ದರು. ನನಗೆ ನಾಚಿಕೆಯಾಗಿ ನಿನ್ನ ಹಿಂದೆ ಅಡಗುತ್ತಿದ್ದೆ. ನೀನು ಹೋದ ಮೇಲೆ ಒಂದು ದಿನ ಸೂಪನ್ನು ಫ್ಲಾಸ್ಕಿಗೆ ತುಂಬಿಸಿ ಡಿಪೋಗೆಂದು ಹೊರಟೆ. ಏನೋ ಯೋಚಿಸುತ್ತ ನಡೆದವಳು ಎಚ್ಚೆತ್ತು ನೋಡಿದರೆ ನಿಂತಿರುವುದು ಅದೇ ತಿರುವಿನಲ್ಲಿ. ಅಪ್ಪನ ಬಸ್ಸು ಬಂತು, ನಿಧಾನವಾಯಿತು. ನನ್ನ ಕೈ ತಾನಾಗಿ ಮೇಲೆದ್ದಿತು. ಕಿಟಕಿಯಿಂದ ಒಂದು ಕೈ ಬಂದು ಫ್ಲಾಸ್ಕನ್ನು ಎತ್ತಿಕೊಂಡಿತು. ತೆಳ್ಳನೆಯ, ಎಳೆಯ ಕೈ. ಹೊಸ ಡ್ರೈವರ್! ಕೂಗಬೇಕೆನ್ನುವಷ್ಟರಲ್ಲಿ ಬಸ್ಸು ಹೋಗಿಯಾಗಿತ್ತು. ಕೂಗುವುದು ನನಗೆ ಮೊದಲೇ ಬರುವುದಿಲ್ಲ.

ಆ ದಿನ ಅಪ್ಪ ಹಸಿದು ಕ್ಯಾಂಟೀನಿನಲ್ಲಿ ಕರಿದದ್ದನ್ನು ತಿಂದರಂತೆ. ಸಂಜೆ ಆ ಹುಡುಗ ಫ್ಲಾಸ್ಕ್ ತೊಳೆದು ತಂದು, ಎಲ್ಲರ ಮುಂದೆ, "ಅಣ್ಣಾ, ಹೊಸಬ ಅಂತ ನಿಮ್ಮ ಮಗಳು ನೆನಪಿಟ್ಟು ಕೊಟ್ರು. ಬಹಳ ಚೆನ್ನಾಗಿತ್ತು, ಮೆಣಸು ಮಾತ್ರ ಸ್ವಲ್ಪ ಜಾಸ್ತಿ" ಅಂದನಂತೆ. ಅಪ್ಪ ಮನೆಗೆ ಬಂದು ಫ್ಲಾಸ್ಕನ್ನು ಮೇಜಿನ ಮೇಲಿಟ್ಟಾಗ ನನಗೆ ಕಣ್ಣೆತ್ತಲು ಆಗಲಿಲ್ಲ. ಅವರು ಬೈಯಲಿಲ್ಲ. "ನಿನ್ನ ತಪ್ಪಲ್ಲ ಬಿಡು. ನೀನು ಸರಿಯಾದ ಕಿಟಕಿಗೇ ಕೊಟ್ಟೆ. ಅಲ್ಲಿ ಕೂರಬೇಕಾದವನು ಕೂತಿರಲಿಲ್ಲ" ಅಂದರು. ಅಮ್ಮಾ, ಅಪ್ಪನ ದನಿ ಹಾಗೆ ಒಡೆದದ್ದನ್ನು ನಾನು ಕೇಳಿರಲಿಲ್ಲ.

ಮಾರನೆಯ ದಿನದಿಂದ ಅವರೇ ಅಡುಗೆಮನೆಗೆ ಬಂದು ಕುಂಬಳಕಾಯಿ ಹೆಚ್ಚತೊಡಗಿದರು. ಡಿಪೋದಲ್ಲಿ ಎಲ್ಲರೂ "ಈಗ ನಿಮ್ಮ ಗಾಡಿ ನೀರಲ್ಲೇ ಓಡುತ್ತಾ?" ಎಂದು ರೇಗಿಸಿದರೂ ಫ್ಲಾಸ್ಕ್ ಬಿಡಲಿಲ್ಲ, ಕ್ಯಾಂಟೀನಿನ ಕಡೆ ತಲೆ ಹಾಕಲಿಲ್ಲ. ಟೈಲರ್ ಅತ್ತೆ ಯೂನಿಫಾರ್ಮಿನ ಪ್ಯಾಂಟಿನ ಸೊಂಟವನ್ನು ಒಮ್ಮೆ ಹಿಡಿದು ಬಿಗಿಯಾಗಿ ಹೊಲಿದರು, ಮತ್ತೊಮ್ಮೆ ಹೊಲಿದರು. ಮಗು ಹುಟ್ಟಿದಾಗ ಅಪ್ಪ ಯಾಕೆ ಬರಲಿಲ್ಲ ಎಂದು ನೀನು ಮುನಿಸಿಕೊಂಡೆಯಲ್ಲ, ಅದನ್ನೂ ಹೇಳಿಬಿಡುತ್ತೇನೆ. ಚೀಲ ಕಟ್ಟಿಕೊಂಡು ಬಸ್‌ಸ್ಟ್ಯಾಂಡಿನವರೆಗೂ ಹೋಗಿದ್ದರು. ಹಾಗೇ ವಾಪಸ್ ಬಂದರು. "ಇಷ್ಟು ವರ್ಷ ಓಡಿಸಿದ ದಾರೀಲಿ ಪ್ಯಾಸೆಂಜರ್ ಆಗಿ ಕೂರೋಕೆ ಆಗಲಿಲ್ಲ ಕಣೇ" ಅಂದರು. ಇವತ್ತು ಡಾಕ್ಟರು ಆಗುವುದಿಲ್ಲ ಎಂದರೆ ಏನು ಮಾಡುವುದೋ ನನಗೆ ತಿಳಿಯದು. ನೀನು ಅವರ ಮೇಲೆ ಸಿಟ್ಟು ಮಾತ್ರ ಇಟ್ಟುಕೊಳ್ಳಬೇಡ.

ಅಕ್ಕ, ಭಾವನಿಗೆ ನನ್ನ ನೆನಪು ತಿಳಿಸು. ಮಗುವಿನ ಎರಡೂ ಕೆನ್ನೆಗೆ, ಆ ಮೂಗಿಗೂ, ನನ್ನ ಮುತ್ತು. ನಿನ್ನ ಸೊಂಟಕ್ಕೆ ಬಿಸಿನೀರಿನ ಶಾಖ ಕೊಟ್ಟುಕೊಳ್ಳುವುದನ್ನು ಬಿಡಬೇಡ.

ನಿನ್ನ,
ಅರ್ಧ ಟಿಕೆಟ್

ಮರೆಯುವ ಮುನ್ನ: ಅಮ್ಮಾ, ಲಕೋಟೆ ಅಂಟಿಸುತ್ತಿದ್ದೆ, ಅಪ್ಪ ಬಂದರು! ಚಪ್ಪಲಿ ಬಿಟ್ಟು, ಮುಖ ಗಂಟಿಕ್ಕಿಕೊಂಡು ನೀರು ಕುಡಿದರು. ಮುಗಿಯಿತು ಅಂದುಕೊಂಡೆ. ಆಮೇಲೆ, "ಬೆಳಿಗ್ಗೆ ಬೇಗ ಎಬ್ಬಿಸು, ಡ್ಯೂಟಿ ಇದೆ" ಅಂದರು! ಅಕ್ಕನ ಊರಿನ ಬಸ್ಸೇ. ನಾಳೆ ಹತ್ತೂವರೆಗೆ ಅಲ್ಲಿರುತ್ತಾರೆ. ನಿನಗೆ ಹೇಳಬಾರದಂತೆ, ಸ್ಟ್ಯಾಂಡಿಗೆ ಬಂದ ಮೇಲೆ ಫೋನ್ ಮಾಡಿ ಕರೆಯುತ್ತಾರಂತೆ. ಅಲ್ಲಿ ನಿಲ್ಲುವುದೇ ಹತ್ತು ನಿಮಿಷ, ನೀನು ಕೂದಲು ಬಾಚಿ ಚಪ್ಪಲಿ ಹುಡುಕುವಷ್ಟರಲ್ಲಿ ಬಸ್ಸು ಹೊರಟಿರುತ್ತದೆ. ಮೊದಲೇ ಹೋಗಿ ನಿಂತಿರು. ಏನೂ ಗೊತ್ತಿಲ್ಲದವಳ ಹಾಗೆ ನಟಿಸು. ನಿನಗದು ಬರುವುದಿಲ್ಲ, ರಾತ್ರಿಯೇ ಅಭ್ಯಾಸ ಮಾಡಿಕೋ. ಮಗುವಿಗೆ ಟೋಪಿ ಹಾಕಿ ಎತ್ತಿಕೊಂಡು ಹೋಗು, ಬಸ್ಸಿನ ಮುಂಭಾಗದ ಕಡೆಗೇ ನಿಲ್ಲು. ತನ್ನ ತಾತನನ್ನು ಅದು ಮೊದಲ ಸಲ ನೋಡುವುದು ಸ್ಟೀರಿಂಗಿನ ಹಿಂದೆಯೇ ಆಗಲಿ.