ತಡಸಲು, ಹುಣಸೆ ಸೇರಿಸಿದ ಬಿಲ್ಲು

ಕೊಪ್ಪ
೧೨ ಫೆಬ್ರವರಿ ೨೦೨೫

ಚಂದನಾ,

ಹೇಗಿದ್ದೀಯ? ನೀನು ಆಸ್ಪತ್ರೆಯಿಂದ ನೇರ ಬಂಡೂರಿಗೆ, ತವರಿಗೆ ಹೋದ ಮೇಲೆ ಇದು ನನ್ನ ಮೊದಲ ಕಾಗದ. ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲಿ ‘ಊಟ ಆಯ್ತಾ’ ಎಂದಾದ ಮೇಲೆ ಇಬ್ಬರಿಗೂ ಮಾತು ಹೊರಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲಿ ಒಂದು ಹೊಸ ಕೆಲಸ ಬಂದಿತ್ತು. ಮಂಚ ಮಾಡಿಸಲು ಬಂದಿದ್ದ ಹೇಮಂತ್ ಅಂತ, ಮಂಡ್ಯದ ಕಾಲೇಜೊಂದರ ಆಟದ ಮೇಷ್ಟ್ರು, ‘ಹುಡುಗೀರ ಪ್ರಾಕ್ಟೀಸಿಗೆ ಒಂದು ಮರದ ಬಿಲ್ಲು ಮಾಡ್ಕೊಡ್ತೀರಾ?’ ಎಂದರು. ಬಾಗಿಲು, ಕಿಟಕಿ ಮಾಡಿದ ಕೈ, ಆಗಲಿ ಎಂದುಬಿಟ್ಟೆ. ಆಳುದ್ದದ, ಗಂಟಿಲ್ಲದ ಮರ ಒಂದೇ ತುಂಡಿನಲ್ಲಿ ಸಿಗಲಿಲ್ಲ. ಪಕ್ಕದ ಮನೆ ಅಂಕಯ್ಯನ ಹಿತ್ತಲಲ್ಲಿ ಎತ್ತಿನಗಾಡಿಯ ನೊಗ ಕಟ್ಟುವ ಮೂಕಿ ಮುರಿದು ಬಿದ್ದಿತ್ತು. ತಡಸಲು ಮರ, ಚೆನ್ನಾಗಿ ಬಾಗುತ್ತದೆ. ಅದನ್ನು ಸೀಳಿ ಬಿಲ್ಲಿನ ಎರಡು ತೋಳು ಮಾಡಿ, ನಡುವಿನ ಹಿಡಿಗೆ ಹುಣಸೆ ಹಾಕಿದೆ.

ಮೊದಲನೆಯದು ಎಳೆದ ಕೂಡಲೇ ಜಾಯಿಂಟಿನಲ್ಲೇ ಕಿತ್ತು ಬಂತು. ಬರೀ ಅಂಟಿಸಿದರೆ ನಿಲ್ಲುವುದಿಲ್ಲ. ಎರಡನೆಯ ಸಲ ಹಿಡಿಯ ಎರಡೂ ತುದಿಗಳನ್ನು ಮೀನಿನ ಬಾಲದ ಹಾಗೆ ಕವಲಾಗಿ ಕೊಯ್ದು, ತೋಳುಗಳ ತುದಿ ಚೂಪು ಮಾಡಿ ಅದರೊಳಗೆ ಕೂರಿಸಿ, ಅಂಟು ಹಾಕಿ, ಮೇಲೆ ದಾರ ಸುತ್ತಿ ಬಿಗಿದೆ.

ಅವ್ವ ಜಗಲಿಯಿಂದಲೇ ಬೈದಳು: ‘ಎಂಡ್ತಿ ಅವ್ರವ್ವನ ಮನೇಲಿ ಕುಂತವ್ಳೆ, ಇವ್ನು ಬಿಲ್ಲು ಕೆತ್ಕೊಂಡು ಕುಂತವ್ನೆ. ಓಗಿ ಕರ್ಕಂಡ್ ಬಾರ್ಲಾ!’

‘ಅವ್ಳು ಬಾ ಅಂದ್ರೆ ಓಯ್ತೀನಿ, ಬುಡವ್ವ’ ಎಂದೆ.

ಹೆದೆ ಕಟ್ಟಿ ನೋಡಿದರೆ ಮೇಲಿನ ತೋಳು ಬಾಗುತ್ತಿತ್ತು, ಕೆಳಗಿನದು ಜಪ್ಪಯ್ಯ ಅನ್ನಲಿಲ್ಲ. ಬಾಗದ ಕಡೆಯನ್ನೇ ಸ್ವಲ್ಪ ಸ್ವಲ್ಪ ಹೆರೆಯಬೇಕು, ಹೆಚ್ಚಾದರೆ ಮುರಿಯುತ್ತದೆ. ಆ ಕೆಲಸ ಹಿಡಿದಷ್ಟು ದಿನ ಬೇರೇನೂ ಯೋಚನೆ ಬರಲಿಲ್ಲ.

ನಿನ್ನೆ ಕಾಲೇಜಿನ ಮೈದಾನದಲ್ಲಿ ತೇಜು ಎಂಬ ಹುಡುಗಿ ಅದನ್ನು ಎಳೆದಳು. ಬಾಣ ಗುರಿಯ ಹಲಗೆಯ ಅಂಚಿಗೆ ಹೋಗಿ ನಾಟಿತು. ‘ಮುರ್ದೋಯ್ತದೆ ಅಂತ ಎದ್ರುಕೊಂಡಿದ್ದೆ ಕಣಣ್ಣ’ ಎಂದು ನಕ್ಕಳು. ನನಗೂ ನಗು ಬಂತು. ನಕ್ಕದ್ದಕ್ಕೆ ಆಮೇಲೆ ಬಸ್ಸಿನಲ್ಲಿ ಒಂಥರಾ ಆಯಿತು. ಮೇಷ್ಟ್ರು ಇನ್ನೊಂದು ಕೇಳಿದ್ದಾರೆ.

ಟಾನಿಕ್ ಬಿಡಬೇಡ. ತಣ್ಣೀರಿನಲ್ಲಿ ಕೈಯಾಡಿಸಬೇಡ. ಅತ್ತೆ, ಮಾವನಿಗೆ ನನ್ನ ನಮಸ್ಕಾರ ಹೇಳು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ
ಜಯಪ್ರಕಾಶ್

ತಾ.ಕ.: ಉಸಿರಿಲ್ಲದೆ ಹುಟ್ಟಿದ ಮಗುವನ್ನು ತಾಯಿಗೆ ತೋರಿಸಬಾರದು ಎಂದರು ದೊಡ್ಡವರು. ನಿನಗೆ ತೋರಿಸಲಿಲ್ಲ. ಮಣ್ಣು ಮಾಡುವ ಮುಂಚೆ ನಾನು ಬಟ್ಟೆ ಸರಿಸಿ ನೋಡಿದೆ. ನೀನು ಕೇಳಲಿಲ್ಲ, ನಾನು ಹೇಳಲಿಲ್ಲ. ಇನ್ನು ನಾನೊಬ್ಬನೇ ಅದನ್ನು ಇಟ್ಟುಕೊಂಡಿರಲಾರೆ. ನಮ್ಮ ಮಗಳಿಗೆ ತಲೆ ತುಂಬ ಕೂದಲಿತ್ತು, ಚಂದನಾ. ಗಲ್ಲ ನಿನ್ನದೇ.