ಗದ್ದದ ಮೇಲಿನ ಚುಕ್ಕೆ

ಸೆಪ್ಟೆಂಬರ್ 9
ಮತ್ತೆ ಉಪ್ಪಿಟ್ಟು. ಅರ್ಧ ತಿಂದು ಹಿಸ್ಟರಿ ಕ್ಲಾಸಿಗೆ ಓಡಿದೆ. ಬಾಳೇಶ ಸರ್ ಪ್ರೊಜೆಕ್ಟರ್‌ನಲ್ಲಿ ರೋಮನ್ ನಾಣ್ಯ ತೋರಿಸಿದರು. ಅಚ್ಚು ಕೆತ್ತಿದವರ ಹೆಸರು ಎಲ್ಲೂ ಇಲ್ಲ. ಆದರೂ ಕೈ ಗುರುತು ಹಿಡಿಯಬಹುದಂತೆ — ಕಿವಿ ಹೇಗೆ ಸುತ್ತಿದ್ದಾನೆ, ಕೂದಲು ಎಳೆ ಎಳೆಯೋ ಗಂಟು ಗಂಟೋ, ಅಂಚಿನಲ್ಲಿ ನಕ್ಷತ್ರವೋ ಚುಕ್ಕೆಯೋ. ಈ ಟಾಪಿಕ್ ಸೆಮಿನಾರ್‌ಗೆ ನನಗೇ ಬಂತು.
ಕೆಲವರು ಚಕ್ರವರ್ತಿಯನ್ನು ಕಂಡೇ ಇರಲಿಲ್ಲವಂತೆ. ಆದರೂ ಮುಖ ಕೆತ್ತಿದರು. ಅದೊಂದು ಮಾತು ತಲೆಯಲ್ಲೇ ಉಳಿದಿದೆ.

ಸೆ. 11
ರೂಮ್‌ಮೇಟ್ ರಾಧಿಕಾಗೆ ಹೇಳಬಾರದಿತ್ತು. ಅಪ್ಪನ ಎರಡನೇ ಹೆಂಡತಿ, ಚಿಗವ್ವನ ಕೊರಳಲ್ಲಿರುವ ಬೆಳ್ಳಿ ಬಿಲ್ಲೆಯ ಬಗ್ಗೆ. ಎರಡನೆಯವಳಾಗಿ ಬಂದವಳು ಸತ್ತ ಮೊದಲನೆಯವಳ ಮುಖವನ್ನು ಹಾಗೆ ಬಿಲ್ಲೆಯಾಗಿ ಧರಿಸಬೇಕು, ನಮ್ಮ ಮನೆತನದ ಪದ್ಧತಿ. ಹೊಸ ಸೀರೆ ಉಟ್ಟರೆ ಮೊದಲು ಅದಕ್ಕೆ ಕುಂಕುಮ. ರಾಧಿಕಾ 'ಸೋ ಕ್ರೀಪಿ' ಎಂದಳು.
ಅವ್ವ ಹೋದಾಗ ನನಗೆ ಮೂರು ವರ್ಷ. ಇದ್ದದ್ದು ಒಂದೇ ಫೋಟೋ, ಮದುವೆಯದು — ಬಾಸಿಂಗ, ತಗ್ಗಿಸಿದ ತಲೆ. 2019ರಲ್ಲಿ ಹೊಳೆ ಮನೆಯೊಳಗೆ ಬಂದಾಗ ಅದೂ ಹೋಯಿತು. ಈಗ ಅವ್ವನ ಮುಖ ಎಂದರೆ ಆ ಬಿಲ್ಲೆ, ಅಷ್ಟೇ. ಅದನ್ನೂ ಹತ್ತಿರದಿಂದ ನೋಡಿಲ್ಲ. ಒಂದನೇ ಕ್ಲಾಸಿನಿಂದ ಹಾಸ್ಟೆಲ್. ಚಿಗವ್ವನ ಎದೆಯ ಹತ್ತಿರ ಹೋದವಳೇ ಅಲ್ಲ ನಾನು.

ಸೆ. 14, ಭಾನುವಾರ. ಕೊಣ್ಣೂರ, ಮನೆ
ಕೇಳಿಯೇಬಿಟ್ಟೆ. ಕಾಲೇಜಿಗೆ ಬೇಕು ಎಂದೆ, ಪೂರ್ತಿ ಸುಳ್ಳಲ್ಲ. ಚಿಗವ್ವ ಸೆರಗಿಗೆ ಕೈ ಒರೆಸಿ ಸರ ಬಿಚ್ಚಿ ಕೊಟ್ಟಳು. ಬಿಲ್ಲೆ ಬೆಚ್ಚಗಿತ್ತು. ಶನಿವಾರದೊಳಗೆ ತಂದುಕೊಡು, ಕೊರಳು ಖಾಲಿ ಇದ್ದರೆ ನಿದ್ದೆ ಬರುವುದಿಲ್ಲ ಎಂದಳು.
ಸರ್ ಕೊಟ್ಟ ಲೆನ್ಸಿನಲ್ಲಿ ನೋಡಿದೆ. ದೊಡ್ಡ ಕಣ್ಣು. ನೇರ ಮೂಗು. ಗದ್ದದ ಮೇಲೆ ಪುಟ್ಟ ಕುಳಿ, ಸ್ವಲ್ಪ ಓರೆ. ಕೆತ್ತಿದವನ ಸಿಂಬಲ್ ಇರಬೇಕು... ಆಮೇಲೆ ಬರೀ ಮುಖ ನೋಡಿದೆ. ನನ್ನ ಮೂಗೂ ಹೀಗೇ ಇದೆ ಅನ್ನಿಸಿತು.
ಅಪ್ಪ ಮಾಡಿಸಿದ್ದು ಹುಕ್ಕೇರಿಯ ಅಕ್ಕಸಾಲಿಗ ಕಾಶಿನಾಥ ಪತ್ತಾರರ ಹತ್ತಿರವಂತೆ.

ಸೆ. 20. ಹುಕ್ಕೇರಿ, ಬಸ್ ಸ್ಟ್ಯಾಂಡ್
ಪತ್ತಾರರು ತಮ್ಮದೇ ಕೆಲಸ ಎಂದು ಒಪ್ಪಿದರು. ಅವ್ವನ ಫೋಟೋ ನೋಡಿ ಮಾಡಿದಿರಾ ಎಂದು ಕೇಳಿದೆ. ಎದ್ದು ಹೋಗಿ ಹಿತ್ತಾಳೆಯ ಅಚ್ಚು ತಂದರು. ಅದೇ ಕಣ್ಣು. ಅದೇ ಮೂಗು. ಅದೇ ಮುಖ.
"ಯಾರ ಸತ್ರೂ ಇದ ಮಾರಿನವ್ವಾ. ನಮ್ಮಪ್ಪ ಕೆತ್ತಿದ್ದು. ನಾ ಬೆಳ್ಳಿ ಇಟ್ಟು ಬಡದ ಕೊಡ್ತೀನಿ, ಅಷ್ಟ."
ಮತ್ತೆ ಈ ಚುಕ್ಕೆ? ಕನ್ನಡಕ ಏರಿಸಿದರು.
"ಇದು ನಮ್ಮ ಕೈ ಅಲ್ಲ. ಯಾರೋ ಮೊಳೀಲೆ ಹೊಡದಾರ."
ವಾರವಿಡೀ ದಿಂಬಿನ ಕೆಳಗಿಟ್ಟುಕೊಂಡು ಮಲಗಿದ್ದು ಯಾರ ಮುಖ?

ಅದೇ ದಿನ, ಸಂಜೆ. ಕೊಣ್ಣೂರ
ಸರ ವಾಪಸ್ ಕೊಟ್ಟೆ. ಅದು ಅವ್ವ ಅಲ್ಲ, ಬರೀ ಅಚ್ಚು ಎಂದೆ. ಒರಟಾಗಿಯೇ. ಚಿಗವ್ವನಿಗೆ ಮೊದಲ ದಿನದಿಂದ ಗೊತ್ತಿತ್ತು. ಮೂಡಲಗಿಯಲ್ಲಿ ಅವ್ವನ ತವರೂ ಚಿಗವ್ವನ ತವರೂ ಒಂದೇ ಓಣಿಯಂತೆ. ನನಗೆ ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.
"ನಿಮ್ಮವ್ವ ಸುಂದ್ರಿ ಗದ್ದಕ್ಕ ಹಚ್ಚಿ ಚುಕ್ಕಿ ಹಾಕಿಸ್ಕೊಳ್ಳೂ ಮುಂದ ಅಕಿ ಕೈ ನಾ ಹಿಡ್ದಿದ್ನಿ. ಬಿಲ್ಲಿ ಮ್ಯಾಲ ಆ ಚುಕ್ಕಿ ಇರಲಿಲ್ಲ. ಯಾರೋ ಬ್ಯಾರೇದಾಕಿಗೆ ಕುಂಕುಮ ಹಚ್ಚಿದಂಗ ಆತು. ಅದಕ್ಕ ಮೊಳಿ ತಗೊಂಡು ಕಲ್ಲಿಲೆ ಒಂದ ಏಟು ಹಾಕಿದ್ನಿ."
ಹಾಗಾದರೆ ಹೇಗಿದ್ದಳು ಹೇಳು ಎಂದೆ. ಒಲೆಯೊಳಗಿನ ಕಟ್ಟಿಗೆ ಮುಂದೆ ತಳ್ಳಿದಳು.
"ಈಗ ನೆನಸ್ಕೊಂಡ್ರ ನಂಗೂ ಈ ಬಿಲ್ಲಿ ಮಾರಿನ ಬರ್ತೈತಿ."

ಸೆ. 24
ಸೆಮಿನಾರ್ ಮುಗಿಯಿತು. ಇಂಗ್ಲಿಷ್ ಎರಡು ಕಡೆ ತಡವರಿಸಿತು, ಸರ್ ಗುಡ್ ಎಂದರು. ಬಿಲ್ಲೆಯ ವಿಷಯ ಎತ್ತಲಿಲ್ಲ.

ಸೆ. 28
ಚಿಗವ್ವನಿಗೆ ಫೋನ್ ಮಾಡಿದೆ, ಮೊದಲ ಸಲ ನಾನಾಗಿಯೇ. ಊಟ ಆಯಿತೇ ಎಂದು ಕೇಳಿದಳು. ಆಯಿತು ಎಂದೆ. ಫೋನ್ ಇಟ್ಟುಬಿಟ್ಟೆ.
ರಾಧಿಕಾ ಊರಿಗೆ ಹೋಗಿದ್ದಾಳೆ. ಅವಳ ಹಸಿರು ಜೆಲ್ ಪೆನ್ನಿನಿಂದ ಗದ್ದದ ಮೇಲೆ ಒಂದು ಚುಕ್ಕೆ ಇಟ್ಟುಕೊಂಡೆ. ಸ್ವಲ್ಪ ಓರೆಯಾಯಿತು. ಕನ್ನಡಿಯಲ್ಲಿ ಅದೇ ನೇರ ಮೂಗು, ಅದೇ ಓರೆ ಚುಕ್ಕೆ. ನನಗೂ ಕಂಡದ್ದು ಬಿಲ್ಲೆಯ ಮುಖವೇ.